ಅಂತರ್ಜಾಲವೂ ಆಪ್ತಜನರೂ

ವಿಷಯ ಪ್ರವೇಶ

ಮುಂಬಯಿ ಮಹಾನಗರದಲ್ಲೂ ಅದರ ಉಪನಗರಗಳಲ್ಲೂ ನೆಲೆಸಿರುವ ನಮ್ಮ ಕುಟುಂಬಗಳ ದಿನಚರಿಯು ಕಳೆದ ಮೂವತ್ತು ವರ್ಷಗಳಲ್ಲಿ ಬದಲಾದಷ್ಟು ಅದಕ್ಕೆ ಹಿಂದಿನ ಎರಡು ತಲೆಮಾರುಗಳಲ್ಲಿ ಬದಲಾಗಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಬೆಳಗ್ಗೆ ಎದ್ದು ತಿಥಿವಾರಗಳನ್ನು ನೋಡುವುದು, ಹಾಲಿನವನಿಗೂ ತರಕಾರಿಯವನಿಗೂ ಹಣ ಕೊಡುವುದು, ವಿದ್ಯುತ್ತಿನ ಬಿಲ್ಲು ಕಟ್ಟುವುದು, ಲೋಕಲ್ ಗಾಡಿಯ ಟಿಕೆಟು ತೆಗೆಯುವುದು, ಊರಿನಲ್ಲಿರುವ ತಂದೆತಾಯಿಗಳ ಕ್ಷೇಮ ವಿಚಾರಿಸುವುದು, ರಾತ್ರಿ ಪ್ರವಚನ ಕೇಳುವುದು – ಇವೆಲ್ಲವೂ ಇಂದು ಅಂಗೈಯಗಲದ ಒಂದೇ ಉಪಕರಣದಿಂದ ನಡೆಯುತ್ತಿವೆ.

ಈ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಕಿರಿಯರು ಇದೊಂದು ವರವೆನ್ನುತ್ತಾರೆ. ಹಿರಿಯರಲ್ಲಿ ಅನೇಕರು ಇದು ಕಲಿಯ ಪ್ರಭಾವವೆಂದು ನಿಟ್ಟುಸಿರು ಬಿಡುತ್ತಾರೆ. ಎರಡೂ ಪಕ್ಷದವರು ತಮ್ಮ ತಮ್ಮ ಅನುಭವವನ್ನೇ ಹೇಳುತ್ತಿರುವುದರಿಂದ ಯಾರನ್ನೂ ಅಲ್ಲಗಳೆಯುವಂತಿಲ್ಲ. ಆದರೆ ಹೊಗಳಿಕೆಯಿಂದಾಗಲಿ ತೆಗಳಿಕೆಯಿಂದಾಗಲಿ ತಿಳಿವಳಿಕೆ ಹೆಚ್ಚುವುದಿಲ್ಲ. ಬಂದುದೇನು, ಹೋದುದೇನು, ಹೋದುದರಲ್ಲಿ ಉಳಿಸಿಕೊಳ್ಳಲೇಬೇಕಾದುದು ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಪರ್ಯಾಲೋಚಿಸುವುದು ಈ ಪಾಠದ ಉದ್ದೇಶ.

ಹಿಂದಿನ ವ್ಯವಸ್ಥೆ

ಕರಾವಳಿಯಿಂದ ಬಂದವರಿರಲಿ, ಧಾರವಾಡ, ವಿಜಯಪುರ, ರಾಯಚೂರುಗಳ ಕಡೆಯಿಂದ ಬಂದವರಿರಲಿ, ಮುಂಬಯಿಗೆ ಮೊದಲು ಕಾಲಿಟ್ಟ ನಮ್ಮವರಿಗೆ ಇಲ್ಲಿ ಸ್ವಂತ ವಿಳಾಸವಿರಲಿಲ್ಲ. ಹೋಟೆಲಿನ ಕೆಲಸಕ್ಕೆ ಸೇರಿದ ಹುಡುಗನಿಗೆ ಊರಿನಿಂದ ಬರುವ ಕಾಗದವು ಹೋಟೆಲಿನ ಹೆಸರಿಗೆ ‘ಕೇರ್ ಆಫ್’ ಎಂದು ಬರುತ್ತಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಕುಳಿತವರು ಅದನ್ನು ಕೊಡುವಾಗ “ಮನೆಯಲ್ಲಿ ಎಲ್ಲರೂ ಕ್ಷೇಮವೇ?” ಎಂದು ಕೇಳದೆ ಬಿಡುತ್ತಿರಲಿಲ್ಲ. ತಿಂಗಳ ಮೊದಲ ವಾರ ಮನಿಯಾರ್ಡರಿನ ನಮೂನೆ ತುಂಬಿಸಿಕೊಡುವವರು ಒಬ್ಬರಿದ್ದರು. ಊರಿಗೆ ಹೊರಟವರ ಕೈಯಲ್ಲಿ ಔಷಧದ ಕಟ್ಟು, ಸೀರೆಯ ಗಂಟು, ಹಣದ ಲಕೋಟೆ ಹೋಗುತ್ತಿತ್ತು. ಹಿಂದಿರುಗುವಾಗ ಅದೇ ಕೈಯಲ್ಲಿ ಹಪ್ಪಳ, ಉಪ್ಪಿನಕಾಯಿ, ತಾಯಿಯ ನಾಲ್ಕು ಮಾತುಗಳು ಬರುತ್ತಿದ್ದವು.

ದೂರವಾಣಿ ಎಲ್ಲರ ಮನೆಯಲ್ಲಿ ಇರಲಿಲ್ಲ. ಚಾಳಿನಲ್ಲಿ ಅಥವಾ ಕಟ್ಟಡದಲ್ಲಿ ಒಬ್ಬರ ಮನೆಯಲ್ಲಿದ್ದರೆ ಅದೇ ಹತ್ತು ಮನೆಗಳ ದೂರವಾಣಿ. ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಾಗಿತ್ತು. ಎಸ್.ಟಿ.ಡಿ. ಬೂತುಗಳು ಬಂದ ಮೇಲೆ ರಾತ್ರಿ ದರ ಕಡಿಮೆಯಾಗುವ ಹೊತ್ತಿಗೆ ಅಲ್ಲಿ ಸಾಲು ನಿಲ್ಲುವುದು ವಾಡಿಕೆಯಾಯಿತು. ತಂತಿ ಬಂತೆಂದರೆ ಎದೆ ಹಾರುತ್ತಿತ್ತು. ಏಕೆಂದರೆ ಸಾಮಾನ್ಯವಾಗಿ ಅದು ಸಾವಿನ ಸುದ್ದಿಯನ್ನೇ ತರುತ್ತಿತ್ತು. ಆ ತಂತಿಸೇವೆಯೂ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು.

ಬ್ಯಾಂಕಿನ ವ್ಯವಹಾರವೂ ಹೀಗೆಯೇ ಇತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿದಾಗ ಅದರ ಪ್ರತಿನಿಧಿಯು ದಿನವೂ ಮನೆಬಾಗಿಲಿಗೂ ಅಂಗಡಿಬಾಗಿಲಿಗೂ ಬಂದು ಪುಡಿಗಾಸನ್ನು ಸಂಗ್ರಹಿಸುವ ಪದ್ಧತಿ ಬಂತು. ನಮ್ಮ ಕಡೆಯ ಬ್ಯಾಂಕುಗಳ ಮುಂಬಯಿ ಶಾಖೆಗಳಲ್ಲಿ ಕನ್ನಡ, ತುಳು, ಕೊಂಕಣಿಗಳಲ್ಲಿ ಮಾತನಾಡುವವರು ಸಿಗುತ್ತಿದ್ದರು. ಓದು ಬರಹ ಹೆಚ್ಚಾಗಿ ಬಾರದ ವಿಧವೆ ತಾಯಿಯೊಬ್ಬಳು ಕೌಂಟರಿನ ಎದುರು ನಿಂತು “ಮಾರಾಯರೇ, ಸ್ವಲ್ಪ ಬರೆದು ಕೊಡಿ” ಎಂದರೆ ಬರೆದುಕೊಡುವವರಿದ್ದರು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಡುಪಿಯಲ್ಲೇ 1906ರಲ್ಲಿ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕು ಅದೇ ದಿನ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು.

ಈ ವ್ಯವಸ್ಥೆಯು ಸುಖದಾಯಕವಾಗಿತ್ತೆಂದು ನಾವು ಹೇಳುತ್ತಿಲ್ಲ. ಕಾಯುವ ಕಷ್ಟ ಬಹಳವಿತ್ತು. ಹಣ ಕೊಂಡೊಯ್ದವರೆಲ್ಲರೂ ಪ್ರಾಮಾಣಿಕರಾಗಿರಲಿಲ್ಲ. ದೂರವಾಣಿಯಿದ್ದ ಮನೆಯವರ ಮುಖದ ಸಿಡುಕನ್ನೂ ನೋಡಬೇಕಾಗುತ್ತಿತ್ತು. ಆದರೆ ಒಂದು ಅಂಶವನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ಪ್ರತಿಯೊಂದು ಕಾರ್ಯದಲ್ಲೂ ನಮಗೂ ಕಾರ್ಯಕ್ಕೂ ನಡುವೆ ಒಬ್ಬ ಮನುಷ್ಯನಿದ್ದನು.

ಅಂತರ್ಜಾಲ ಬಂದ ಬಗೆ

ಕಡಲಿನ ಮೂಲಕ ಸುದ್ದಿಯನ್ನು ಬರಮಾಡಿಕೊಳ್ಳುವುದು ಮುಂಬಯಿಗೆ ಹೊಸತೇನಲ್ಲ. 1870ರಲ್ಲೇ ಏಡನ್ ಮಾರ್ಗವಾಗಿ ಸಮುದ್ರದಡಿಯ ತಂತಿಯು ಈ ನಗರವನ್ನು ಹೊರ ಜಗತ್ತಿನೊಡನೆ ಜೋಡಿಸಿತ್ತು. ಇಂದು ಭಾರತಕ್ಕೆ ಅಂತರ್ಜಾಲವನ್ನು ತರುವ ಬೆಳಕಿನ ತಂತುಗಳ ದೊಡ್ಡ ಭಾಗವು ವರ್ಸೋವಾ ಮೊದಲಾದ ಮುಂಬಯಿಯ ಕಡಲ ತೀರಗಳಲ್ಲೇ ದಡ ಸೇರುತ್ತದೆ. ನಾವು ದೋಣಿಗಳನ್ನೂ ಮೀನುಗಾರರನ್ನೂ ಕಾಣುವ ತೀರದ ಮರಳಿನಡಿಯಲ್ಲಿಯೇ ದೇಶದ ಮಾತುಕತೆಯು ಹರಿಯುತ್ತಿದೆಯೆಂಬುದು ಎಷ್ಟೋ ಮಂದಿಗೆ ತಿಳಿಯದು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯನ್ನು ಆರಂಭಿಸಿತು. ಆಗ ಮನೆಯ ದೂರವಾಣಿ ತಂತಿಯ ಮೂಲಕವೇ ಸಂಪರ್ಕ. ಸಾಮಾನ್ಯ ಚಂದಾದಾರನಿಗೆ ಸೆಕೆಂಡಿಗೆ 9.6 ಕಿಲೋಬಿಟ್ ವೇಗ. ಒಂದು ಚಿತ್ರ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಾಗಿತ್ತು. ಸಂಪರ್ಕದಲ್ಲಿರುವಷ್ಟು ಹೊತ್ತು ಮನೆಯ ದೂರವಾಣಿ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಉಪನಗರದ ರೈಲು ನಿಲ್ದಾಣಗಳ ಸುತ್ತ ಸೈಬರ್ ಕೆಫೆಗಳು ಹುಟ್ಟಿಕೊಂಡವು. ಅಮೆರಿಕಕ್ಕೆ ಓದಲು ಹೋದ ಮಗನ ಇ-ಮೇಲ್ ನೋಡಲು ತಂದೆಯು ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಅಲ್ಲಿ ಕುಳಿತುಕೊಳ್ಳುವ ಕಾಲ ಅದು. ಅಲ್ಲಿಯೂ ಒಬ್ಬ ಹುಡುಗನಿದ್ದು “ಇಲ್ಲಿ ಒತ್ತಿ, ಅಂಕಲ್” ಎಂದು ತೋರಿಸಿಕೊಡುತ್ತಿದ್ದನು.

ನಿಜವಾದ ಪರಿವರ್ತನೆಯಾದುದು 2016ರಲ್ಲಿ. ಆ ವರ್ಷದ ಜನವರಿಯಲ್ಲಿ ಮುಂಬಯಿ ಸೆಂಟ್ರಲ್ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಉಚಿತ ವೈ-ಫೈ ದೊರೆಯಿತು. ಏಪ್ರಿಲ್‌ನಲ್ಲಿ, ಮುಂಬಯಿಯಲ್ಲೇ ಕೇಂದ್ರ ಕಾರ್ಯಾಲಯವಿರುವ ರಾಷ್ಟ್ರೀಯ ಪಾವತಿ ನಿಗಮವು ಯು.ಪಿ.ಐ. ಪದ್ಧತಿಯನ್ನು ಹೊರತಂದಿತು. ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆಯು ಆರಂಭವಾಗಿ ಮೊಬೈಲಿನ ಅಂತರ್ಜಾಲವು ಬಡವರ ಕೈಗೂ ಎಟುಕಿತು. ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಒಂದೇ ವರ್ಷದಲ್ಲಿ ಈ ನಾಲ್ಕೂ ಕೂಡಿಬಂದ ಕಾರಣ, ಭಾಜಿವಾಲಿಯ ಬುಟ್ಟಿಯ ಪಕ್ಕದಲ್ಲೂ ಚೌಕ ಚೌಕದ ಕಪ್ಪುಬಿಳುಪಿನ ಚಿತ್ರವೊಂದು ಬಂದು ನಿಲ್ಲಲು ಹೆಚ್ಚು ಕಾಲ ಹಿಡಿಯಲಿಲ್ಲ.

ಲಾಭಗಳು

ವಿಮರ್ಶೆಗೆ ಮೊದಲು ಉಪಕಾರವನ್ನು ಸ್ಮರಿಸುವುದು ಧರ್ಮ. ಊರಿಗೆ ಹೋಗುವ ಮಾತನ್ನೇ ತೆಗೆದುಕೊಳ್ಳೋಣ. ಕರಾವಳಿಯವರು ಇಡೀ ರಾತ್ರಿ, ಮರುದಿನದ ದೊಡ್ಡ ಭಾಗ ಬಸ್ಸಿನಲ್ಲಿ ಕುಳಿತು ಘಟ್ಟ ಇಳಿಯುತ್ತಿದ್ದ ಕಾಲವು 1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಮತ್ಸ್ಯಗಂಧಾ ಗಾಡಿ ಓಡತೊಡಗಿದಾಗ ಮುಗಿಯಿತು. ಆದರೆ ಗಾಡಿ ಬಂದರೂ ಟಿಕೆಟಿಗಾಗಿ ಬೆಳಗಿನ ಜಾವ ಎದ್ದು ಕಿಟಕಿಯ ಮುಂದೆ ಸಾಲು ನಿಲ್ಲುವುದು ತಪ್ಪಿರಲಿಲ್ಲ. 2002ರ ಆಗಸ್ಟ್‌ನಲ್ಲಿ ರೈಲ್ವೆ ಟಿಕೆಟು ಅಂತರ್ಜಾಲದಲ್ಲಿ ದೊರೆಯತೊಡಗಿತು. ಇಂದು ತತ್ಕಾಲ್ ಟಿಕೆಟಿಗಾಗಿ ಹವಾನಿಯಂತ್ರಿತ ದರ್ಜೆಗೆ ಹತ್ತು ಗಂಟೆಗೆ, ಸ್ಲೀಪರಿಗೆ ಹನ್ನೊಂದು ಗಂಟೆಗೆ ಮನೆಮಂದಿಯೆಲ್ಲ ಮೂರು ಮೊಬೈಲು ಹಿಡಿದು ಕುಳಿತುಕೊಳ್ಳುತ್ತಾರೆ. ಸಾಲು ಹೋಗಲಿಲ್ಲ, ಅದು ಕಣ್ಣಿಗೆ ಕಾಣದಂತಾಯಿತು. ಆದರೂ ಕಾಲುನೋವಿನವರಿಗೆ ಇದು ಸಣ್ಣ ಉಪಕಾರವಲ್ಲ.

ಎರಡನೆಯದು ಭಾಷೆ. ಗಣಕಯಂತ್ರದಲ್ಲಿ ಕನ್ನಡ ಮೂಡಿದುದರ ಹಿಂದೆ ಮುಂಬಯಿಯ ನಂಟೂ ಇದೆಯೆಂಬುದು ನಮಗೆ ಹೆಮ್ಮೆಯ ಸಂಗತಿ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಶ್ರೀ ಕೆ.ಪಿ. ರಾಯರು ಈ ನಗರದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಕನ್ನಡದ ವರ್ಣಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕೀಲಿಮಣೆಯ ಮೇಲೆ ಜೋಡಿಸಿದ ಅವರ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರಕಾರವು ಆಧಾರವಾಗಿ ಸ್ವೀಕರಿಸಿತು. 1998ರಲ್ಲಿ ಶ್ರೀ ಶೇಷಾದ್ರಿ ವಾಸು ಅವರ ‘ಬರಹ’ ಬಂದಿತು. ಇಂದು ಅಜ್ಜಿಯು ಮೊಬೈಲಿನ ಮುಂದೆ ಕನ್ನಡದಲ್ಲಿ ಮಾತನಾಡಿದರೆ ಅದೇ ಅಕ್ಷರವಾಗಿ ಮೂಡುವ ಸೌಕರ್ಯವಿದೆ.

ಮೂರನೆಯದು ಗ್ರಂಥರಕ್ಷಣೆ. ಶ್ರೀಮದಾಚಾರ್ಯರ ಸರ್ವಮೂಲ ಗ್ರಂಥಗಳ, ಶ್ರೀ ಹೃಷೀಕೇಶತೀರ್ಥರ ಪರಂಪರೆಯ ಪ್ರಾಚೀನ ತಾಳೆಯೋಲೆಯು ಅಂಚು ಮುರಿದು ಓದಲಾಗದ ಸ್ಥಿತಿಗೆ ಬರುತ್ತಿದ್ದಾಗ, ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಶ್ರೀ ಪಿ.ಆರ್. ಮುಕುಂದ್ ಹಾಗೂ ಸಹೋದ್ಯೋಗಿಗಳು ವಿಶೇಷ ಛಾಯಾಗ್ರಹಣದಿಂದ ಅದರ ಗರಿಗಳನ್ನು ಚಿತ್ರೀಕರಿಸಿ 2006ರಲ್ಲಿ ಸಮಾಜಕ್ಕೆ ಒಪ್ಪಿಸಿದರು. ಬರಿಗಣ್ಣಿಗೆ ಮಾಸಿದ್ದ ಅಕ್ಷರಗಳು ಕಣ್ಣಿಗೆ ಕಾಣದ ಕಿರಣಗಳಲ್ಲಿ ಸ್ಪಷ್ಟವಾದವು. ಯಂತ್ರವೆಂದರೆ ಧರ್ಮಕ್ಕೆ ವಿರೋಧಿಯೆಂದು ಭಾವಿಸುವವರು ಈ ಒಂದು ಉದಾಹರಣೆಯನ್ನು ನೆನೆದರೆ ಸಾಕು.

ನಾಲ್ಕನೆಯದಾಗಿ, 2020ರ ಮಾರ್ಚಿನಲ್ಲಿ ಲೋಕಲ್ ಗಾಡಿಗಳು ನಿಂತು, ದೇವಾಲಯಗಳ ಬಾಗಿಲು ಮುಚ್ಚಿ, ಊರಿನ ದಾರಿಯೇ ಇಲ್ಲವಾದಾಗ ನಮ್ಮನ್ನು ಪರಸ್ಪರ ಜೋಡಿಸಿದುದು ಈ ಅಂತರ್ಜಾಲವೇ. ಎರಡೂ ಲಸಿಕೆ ಪಡೆದ ಸಾಮಾನ್ಯ ಪ್ರಯಾಣಿಕರಿಗೆ ಲೋಕಲ್ ಗಾಡಿಯು ಮತ್ತೆ ತೆರೆದುದು 2021ರ ಆಗಸ್ಟ್ 15ರಂದು. ಆ ನಡುವಿನ ಅವಧಿಯಲ್ಲಿ ಎಷ್ಟೋ ಮಕ್ಕಳು ತಂದೆಯ ಅಂತ್ಯದರ್ಶನವನ್ನು ಮೊಬೈಲಿನ ಪರದೆಯಲ್ಲಿ ಮಾಡಿದರು. ಅದೂ ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯೋಚಿಸುವುದೂ ಕಷ್ಟ.

ಹೋದುದೇನು?

ಹಾಗಾದರೆ ನಷ್ಟವೆಲ್ಲಿ? ಅಂತರ್ಜಾಲವು ದೂರವನ್ನು ಅಳಿಸಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸೂಕ್ಷ್ಮವಾಗಿ ನೋಡಿದರೆ ಅದು ಅಳಿಸಿದುದು ನಡುವಿನ ಮನುಷ್ಯನನ್ನು. ಟಿಕೆಟಿನ ಕಿಟಕಿಯವನು, ಬ್ಯಾಂಕಿನ ಗುಮಾಸ್ತ, ಪಿಗ್ಮಿಯವನು, ದೂರವಾಣಿಯಿದ್ದ ಮನೆಯವರು, ಕಾಗದ ಓದಿ ಹೇಳುವವರು, ಊರಿಗೆ ಗಂಟು ಒಯ್ಯುವವರು – ಇವರೆಲ್ಲರೂ ಒಬ್ಬೊಬ್ಬರಾಗಿ ನಮ್ಮ ದಿನದಿಂದ ನಿರ್ಗಮಿಸಿದರು. ಇವರು ಕೇವಲ ಕೆಲಸ ಮಾಡಿಕೊಡುವವರಾಗಿದ್ದರೆ ಯಂತ್ರವು ಅವರ ಸ್ಥಾನವನ್ನು ತುಂಬಿತೆಂದು ಸುಮ್ಮನಿರಬಹುದಾಗಿತ್ತು. ಅವರು ಅದಕ್ಕಿಂತ ಹೆಚ್ಚಿನ ಎರಡು ಕಾರ್ಯಗಳನ್ನು, ತಮಗೇ ತಿಳಿಯದಂತೆ, ಮಾಡುತ್ತಿದ್ದರು.

ಮೊದಲನೆಯದು, ನಮ್ಮ ಸ್ಥಿತಿಯನ್ನು ಅರಿಯುವುದು. ಏಕಾದಶಿಯ ನಿರ್ಣಯವನ್ನೇ ನೋಡಿ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಅಂದರೆ 96 ನಿಮಿಷ, ಮೊದಲಿನ ಅರುಣೋದಯ ಕಾಲದಲ್ಲಿ ದಶಮಿಯ ಸಂಪರ್ಕವಿದ್ದರೆ ಅಂದು ನಮಗೆ ಉಪವಾಸವಿಲ್ಲ, ಮರುದಿನ. ಉಡುಪಿಗೂ ಮುಂಬಯಿಗೂ ರೇಖಾಂಶದ ಭೇದದಿಂದಲೇ ಸುಮಾರು ಏಳೂವರೆ ನಿಮಿಷಗಳ ಅಂತರವಿದೆ. ಅಕ್ಷಾಂಶದಿಂದ ಬರುವ ಭೇದವು ಋತುವಿಗೆ ತಕ್ಕಂತೆ ಬೇರೆ. ಮೊಬೈಲಿನ ಪಂಚಾಂಗವು ಯಾವ ಊರಿನ ಸೂರ್ಯೋದಯವನ್ನು ಹಿಡಿದಿದೆ, ಯಾವ ಗಣಿತವನ್ನು ಅನುಸರಿಸಿದೆ, ಯಾವ ಸಂಪ್ರದಾಯದ ನಿರ್ಣಯವನ್ನು ಹೇಳುತ್ತಿದೆ ಎಂಬುದನ್ನು ವಿಚಾರಿಸದೆ ನಾವು ಅದರ ದಿನಾಂಕವನ್ನು ಹಿಡಿಯುತ್ತೇವೆ. ಹಿಂದೆ ಮಠಕ್ಕೆ ಬಂದು “ಭಟ್ರೇ, ಈ ಸಲ ಏಕಾದಶಿ ಯಾವತ್ತು?” ಎಂದು ಕೇಳಿದರೆ, “ನಿಮಗೆ ನಾಡಿದ್ದು. ಅಮ್ಮನವರಿಗೆ ಸಕ್ಕರೆ ಕಾಯಿಲೆಯಲ್ಲವೇ, ಅವರು ಹಾಲು ಹಣ್ಣು ತೆಗೆದುಕೊಳ್ಳಲಿ, ದೋಷವಿಲ್ಲ” ಎಂಬ ಉತ್ತರ ಬರುತ್ತಿತ್ತು. ದಿನಾಂಕವನ್ನು ಮೊಬೈಲೂ ಹೇಳೀತು. ಅಮ್ಮನವರ ಕಾಯಿಲೆಯು ಅದಕ್ಕೆ ತಿಳಿಯದು.

ಸಾವಿನ ಸುದ್ದಿಯಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಸುದ್ದಿ ತಲುಪಲು ದಿನಗಳು ಬೇಕೆಂಬುದನ್ನು ನಮ್ಮ ಧರ್ಮಶಾಸ್ತ್ರವೇ ಗಣನೆಗೆ ತೆಗೆದುಕೊಂಡಿದೆ. ಹತ್ತು ದಿನಗಳೊಳಗೆ ಕೇಳಿದರೆ ಉಳಿದ ದಿನಗಳಷ್ಟೇ ಆಶೌಚ, ಆಮೇಲೆ ಕೇಳಿದರೆ ಬೇರೆ ನಿಯಮ. ಈಗ ಸುದ್ದಿಯು ನಿಮಿಷದಲ್ಲಿ ತಲುಪುತ್ತದೆ. ಆದರೆ ಅದನ್ನು ತಂದವರು ಹಿಂದೆ ತಂದು ಹೋಗಿಬಿಡುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತು, ನೀರು ಕೊಟ್ಟು, ಬಸ್ಸಿನ ಹಣ ಹೊಂದಿಸಿ, ಜೊತೆಯಲ್ಲಿ ಡಿಪೋವರೆಗೆ ಬರುತ್ತಿದ್ದರು. ಇಂದು ಸಂಜೆಯ ಕಿಕ್ಕಿರಿದ ಗಾಡಿಯಲ್ಲಿ, ಘಾಟ್ಕೋಪರಿಗೂ ಠಾಣೆಗೂ ನಡುವೆ, ಒಂದು ಕೈಯಲ್ಲಿ ಮೇಲಿನ ಹಿಡಿಕೆಯನ್ನು ಹಿಡಿದು ನಿಂತವನು ತಂದೆ ತೀರಿಹೋದ ಸುದ್ದಿಯನ್ನು ಒಬ್ಬನೇ ಓದುತ್ತಾನೆ. ಸುತ್ತ ಸಾವಿರ ಮಂದಿ. ಗೊತ್ತಾದವರು ಒಬ್ಬರೂ ಇಲ್ಲ. ಬಂಧುಗಳ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ನಲವತ್ತು ಬರುತ್ತವೆ. ಮನೆಗೆ ಬರುವವರು ಎಷ್ಟು ಮಂದಿ?

ಎರಡನೆಯ ಕಾರ್ಯವು ಹೊಣೆ. ನಡುವಿನವನಿಗೆ ಹೆಸರಿತ್ತು, ಮನೆಯಿತ್ತು, ಊರಿತ್ತು. ತಪ್ಪು ಹೇಳಿದರೆ ಮರುದಿನ ಅವನ ಮುಖ ನೋಡಿ ಕೇಳಬಹುದಾಗಿತ್ತು. ಇದನ್ನೇ ಮುಂದೆ ಸ್ವಲ್ಪ ವಿಸ್ತರಿಸೋಣ.

ಯಾರ ಮಾತು ಪ್ರಮಾಣ?

ನಮ್ಮ ಸಿದ್ಧಾಂತದಲ್ಲಿ ಅನುಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಆಗಮ. ಮೂರಕ್ಕೂ ಒಂದೇ ಷರತ್ತು, ನಿರ್ದೋಷವಾಗಿರಬೇಕು. ಕಣ್ಣು ದೋಷಯುಕ್ತವಾಗಿದ್ದರೆ ಕಂಡುದು ಪ್ರಮಾಣವಲ್ಲ. ಯುಕ್ತಿ ದೋಷಯುಕ್ತವಾಗಿದ್ದರೆ ಊಹಿಸಿದುದು ಪ್ರಮಾಣವಲ್ಲ. ಮಾತು ದೋಷಯುಕ್ತವಾಗಿದ್ದರೆ ಕೇಳಿದುದು ಪ್ರಮಾಣವಲ್ಲ. ಲೌಕಿಕ ವ್ಯವಹಾರದಲ್ಲಿ ಮಾತಿನ ದೋಷವನ್ನು ಪರೀಕ್ಷಿಸಬೇಕಾದರೆ ಹೇಳಿದವನನ್ನು ನೋಡಬೇಕು. ಅವನಿಗೆ ವಿಷಯ ತಿಳಿದಿದೆಯೇ? ಇದ್ದುದನ್ನು ಇದ್ದಂತೆ ಹೇಳುವ ಮನಸ್ಸಿದೆಯೇ? ಎರಡೂ ಇದ್ದವನು ಆಪ್ತನು.

ಇಲ್ಲಿ ಒಂದು ಶಂಕೆ. ‘ಅಂತರ್ಜಾಲದಲ್ಲೂ ವಿದ್ವಾಂಸರ ಪ್ರವಚನವಿದೆ, ಸರಕಾರದ ಪ್ರಕಟಣೆಯಿದೆ, ವೈದ್ಯರ ಸಲಹೆಯಿದೆ. ಅವೆಲ್ಲ ಅಪ್ರಮಾಣವೇ?’ ಎಂದು ಕೇಳಬಹುದು. ಸಮಾಧಾನವೇನೆಂದರೆ, ಅಲ್ಲಿ ಆಪ್ತವಾಕ್ಯವಿದೆ, ಅನಾಪ್ತವಾಕ್ಯವೂ ಇದೆ. ಎರಡೂ ಒಂದೇ ಪರದೆಯಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ, ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ವಾಟ್ಸಾಪಿನಲ್ಲಿ ಬಂದ ಮಾತನ್ನು ನಮಗೆ ಕಳುಹಿಸಿದವರು ಭಾವನೋ ಅತ್ತಿಗೆಯೋ ಆಗಿರುವುದರಿಂದ ಅದನ್ನು ಭಾವನ ಮಾತೆಂದೇ ನಂಬುತ್ತೇವೆ. ವಾಸ್ತವವಾಗಿ ಭಾವನು ಅದನ್ನು ಹೇಳಿದವನಲ್ಲ, ದಾಟಿಸಿದವನು ಮಾತ್ರ. ಮೂಲದಲ್ಲಿ ಹೇಳಿದವನು ಯಾರೆಂದು ಭಾವನಿಗೂ ತಿಳಿಯದು. ಆಪ್ತನ ಕೈಯಿಂದ ಬಂದ ಮಾತ್ರಕ್ಕೆ ಅನಾಪ್ತನ ಮಾತು ಆಪ್ತವಾಕ್ಯವಾಗದು.

ಪ್ರತ್ಯಕ್ಷದ ಗತಿಯೂ ಇಂದು ಸುಲಭವಾಗಿಲ್ಲ. ಕೃತಕ ಬುದ್ಧಿಮತ್ತೆಯ ಸಹಾಯದಿಂದ ಒಬ್ಬರ ಮುಖವನ್ನೂ ಧ್ವನಿಯನ್ನೂ ಇನ್ನೊಬ್ಬರು ಧರಿಸಬಹುದಾಗಿದೆ. ಪರದೆಯಲ್ಲಿ ಕಂಡೆವು, ಕಿವಿಯಾರೆ ಕೇಳಿದೆವು ಎಂಬುದು ಈಗ ಸಾಲದು.

ವಂಚನೆಯ ಹೊಸ ಬಗೆ

ಈ ವಿಚಾರವು ಕೇವಲ ಶಾಸ್ತ್ರಚರ್ಚೆಯಲ್ಲವೆಂಬುದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯೇ ಸಾಕ್ಷಿ. ಅದರ ಕ್ರಮ ಹೀಗಿರುತ್ತದೆ. ಮನೆಯಲ್ಲಿ ಒಬ್ಬರೇ ಇರುವ ವೃದ್ಧರಿಗೆ ಕರೆ ಬರುತ್ತದೆ. ‘ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ದ್ರವ್ಯ ಸಿಕ್ಕಿದೆ’ ಅಥವಾ ‘ನಿಮ್ಮ ಆಧಾರ್ ಸಂಖ್ಯೆಯಿಂದ ಅಕ್ರಮ ಖಾತೆ ತೆರೆಯಲಾಗಿದೆ’ ಎನ್ನುತ್ತಾರೆ. ಬಳಿಕ ವೀಡಿಯೊ ಕರೆಯಲ್ಲಿ ಸಮವಸ್ತ್ರಧಾರಿಯೊಬ್ಬನು ಕಾಣಿಸಿಕೊಳ್ಳುತ್ತಾನೆ. ಹಿಂದೆ ಠಾಣೆಯಂತಹ ಗೋಡೆ, ಮೇಜಿನ ಮೇಲೆ ಮುದ್ರೆಯ ಕಾಗದ. ‘ಕರೆಯನ್ನು ಕಡಿಯಬಾರದು, ಕೋಣೆಯಿಂದ ಹೊರಗೆ ಹೋಗಬಾರದು, ಯಾರಿಗೂ ಹೇಳಬಾರದು’ ಎಂಬ ಆಜ್ಞೆ. ಕೆಲವರನ್ನು ಹೀಗೆ ದಿನಗಟ್ಟಲೆ ಕೂರಿಸಿ, ಜೀವಮಾನದ ಉಳಿತಾಯವನ್ನು ‘ಪರಿಶೀಲನೆಗಾಗಿ’ ಎಂದು ಹೇಳಿ ಬೇರೆ ಖಾತೆಗೆ ವರ್ಗಾಯಿಸಿಕೊಂಡಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನ ಮಂತ್ರಿಗಳು ತಮ್ಮ ಆಕಾಶವಾಣಿ ಭಾಷಣದಲ್ಲಿ ಈ ಬಗ್ಗೆ ದೇಶವನ್ನೇ ಎಚ್ಚರಿಸಬೇಕಾಯಿತು. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ.

ಇಲ್ಲಿ ವಂಚಕನ ಮುಖ್ಯ ಆಯುಧ ಯಾವುದು? ಸಮವಸ್ತ್ರವಲ್ಲ, ಮುದ್ರೆಯೂ ಅಲ್ಲ. ‘ಯಾರಿಗೂ ಹೇಳಬೇಡ’ ಎಂಬ ಒಂದು ಮಾತು. ನಡುವೆ ಇನ್ನೊಬ್ಬ ಮನುಷ್ಯನು ಬಂದರೆ ತನ್ನ ಆಟ ಮುಗಿಯಿತೆಂಬುದು ಅವನಿಗೆ ಚೆನ್ನಾಗಿ ತಿಳಿದಿದೆ. ಪಕ್ಕದ ಮನೆಯ ಶೆಟ್ಟರು ಬಾಗಿಲು ತಟ್ಟಿ “ಏನು ರಾಯರೇ, ಬೆಳಗ್ಗಿನಿಂದ ಕಾಣಲಿಲ್ಲ?” ಎಂದು ಕೇಳಿದರೆ ಸಾಕು, ಆ ಮಾಯಾಜಾಲವು ಹರಿಯುತ್ತದೆ. ಹಣವನ್ನು ಬ್ಯಾಂಕಿನ ಕಿಟಕಿಯಲ್ಲಿ ತೆಗೆಯುತ್ತಿದ್ದ ಕಾಲದಲ್ಲಿ ಪರಿಚಯದ ಗುಮಾಸ್ತನು “ಇಷ್ಟು ದೊಡ್ಡ ಮೊತ್ತ ಏತಕ್ಕೆ ಮಾಮಾ?” ಎಂದು ಕೇಳುತ್ತಿದ್ದನು. ಆ ಪ್ರಶ್ನೆಯು ಆಗ ಅಧಿಕಪ್ರಸಂಗವೆಂದು ತೋರುತ್ತಿತ್ತು. ಅದು ಕಾವಲಾಗಿತ್ತೆಂದು ಈಗ ತಿಳಿಯುತ್ತಿದೆ.

ತೀರ್ಥಯಾತ್ರೆಯ ವಿಷಯದಲ್ಲೂ ಎಚ್ಚರ ಬೇಕು. ಚಾರ್‌ಧಾಮ ಮೊದಲಾದ ಕ್ಷೇತ್ರಗಳ ಯಾತ್ರಿಕರನ್ನು ಗುರಿಯಾಗಿಸಿ ವಸತಿಗೃಹ, ಹೆಲಿಕಾಪ್ಟರ್ ಮುಂತಾದವುಗಳ ಹೆಸರಿನಲ್ಲಿ ನಕಲಿ ಜಾಲತಾಣಗಳು ಹುಟ್ಟಿಕೊಂಡಿವೆಯೆಂದು ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು 2025ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಕ್ಷೇತ್ರದ ಹೆಸರು, ದೇವರ ಚಿತ್ರ ಕಂಡೊಡನೆ ಕೈಮುಗಿಯುವುದು ನಮ್ಮ ಸಂಸ್ಕಾರ, ಅದು ಇರಲಿ. ಹಣ ಕಳುಹಿಸುವ ಮೊದಲು ಕ್ಷೇತ್ರದ ಕಾರ್ಯಾಲಯಕ್ಕೆ ಒಂದು ಕರೆ ಮಾಡಿ ವಿಚಾರಿಸಿಕೊಳ್ಳುವುದರಿಂದ ಭಕ್ತಿಗೆ ಕೊರತೆಯಾಗದು.

ನಮ್ಮ ಕರ್ತವ್ಯ

ಹಿಂದಿನ ಕಾಲ ಮರಳಿ ಬಾರದು. ಬರಬೇಕೆಂದು ಬಯಸುವುದೂ ಉಚಿತವಲ್ಲ. ಟ್ರಂಕ್ ಕಾಲಿನ ಸಾಲಿನಲ್ಲಿ ಮತ್ತೆ ನಿಲ್ಲಬೇಕೆಂದು ಯಾರೂ ಹೇಳಲಾರರು. ಆದರೆ ಹಿಂದೆ ಅನಿವಾರ್ಯತೆಯಿಂದ ನಮ್ಮ ನಡುವೆ ಇದ್ದ ಮನುಷ್ಯನನ್ನು ಇನ್ನು ಮುಂದೆ ನಾವೇ ಬೇಕೆಂದು ಇರಿಸಿಕೊಳ್ಳಬೇಕಾಗಿದೆ. ಅದಕ್ಕಾಗಿ ನಮ್ಮ ವಾಚಕ ಕುಟುಂಬಗಳು ಆಚರಣೆಗೆ ತರಬಹುದಾದ ಕೆಲವು ಅಂಶಗಳನ್ನು ಸೂಚಿಸುತ್ತೇವೆ.

1. ಪ್ರತಿ ಮನೆಯಲ್ಲೂ ಹಿರಿಯರಿಗೆ ಒಬ್ಬ ‘ಕೇಳುವ ವ್ಯಕ್ತಿ’ ಗೊತ್ತಾಗಿರಲಿ. ಮಗಳೋ, ಸೊಸೆಯೋ, ಮೊಮ್ಮಗನೋ, ಅವರು ದೂರವಿದ್ದರೆ ನೆರೆಮನೆಯವರೋ ಆಗಬಹುದು. ಹಣ, ಪೊಲೀಸು, ಬ್ಯಾಂಕು ಎಂಬ ಮೂರು ವಿಷಯಗಳಲ್ಲಿ ಯಾವ ಕರೆ ಬಂದರೂ ಮೊದಲು ಅವರಿಗೆ ತಿಳಿಸದೆ ಏನನ್ನೂ ಮಾಡಬಾರದೆಂಬ ನಿಯಮವಿರಲಿ. ಕೇಳಿದಾಗ “ಇಷ್ಟೂ ಗೊತ್ತಾಗುವುದಿಲ್ಲವೇ ನಿಮಗೆ?” ಎಂದು ಗದರಿಸಿದರೆ ಮುಂದಿನ ಸಲ ಅವರು ಕೇಳುವುದಿಲ್ಲವೆಂಬುದನ್ನು ಕಿರಿಯರು ಮರೆಯಬಾರದು.

2. ಯು.ಪಿ.ಐ. ರಹಸ್ಯ ಸಂಖ್ಯೆಯು ಹಣ ಕೊಡುವುದಕ್ಕೆ ಬೇಕು, ಪಡೆಯುವುದಕ್ಕೆ ಬೇಡ – ಈ ಒಂದು ಸೂತ್ರವನ್ನು ಮನೆಯ ಎಲ್ಲರೂ ಕಂಠಪಾಠ ಮಾಡಲಿ. ಒ.ಟಿ.ಪಿ.ಯನ್ನು ಯಾರಿಗೂ ಹೇಳಬಾರದು. ಅಪರಿಚಿತರು ಹೇಳಿದ ಆ್ಯಪನ್ನು ಮೊಬೈಲಿಗೆ ಇಳಿಸಿಕೊಳ್ಳಬಾರದು. ಮೋಸವಾದರೆ ನಾಚಿಕೊಂಡು ಸುಮ್ಮನಿರದೆ, ಕ್ಷಣವೂ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣವು ಮುಂದಿನ ಖಾತೆಗಳಿಗೆ ಹರಿದುಹೋಗುವ ಮೊದಲು ತಡೆಯುವ ಸಾಧ್ಯತೆಯಿರುವುದು ಆಗ ಮಾತ್ರ.

3. ಸಂದೇಶವನ್ನು ದಾಟಿಸುವ ಮೊದಲು ಮೂಲದಲ್ಲಿ ಹೇಳಿದವರು ಯಾರೆಂದು ಕೇಳಿಕೊಳ್ಳಬೇಕು. ತಿಳಿಯದಿದ್ದರೆ ದಾಟಿಸಬಾರದು. ಔಷಧದ ವಿಷಯದಲ್ಲಂತೂ ಇದು ಕಡ್ಡಾಯ.

4. ಮಕ್ಕಳ ವಿಷಯ. ಹಿಂದೆ ಅಜ್ಜಿಯ ಇನ್‌ಲ್ಯಾಂಡ್ ಪತ್ರವನ್ನು ಓದುವುದಕ್ಕಾಗಿಯಾದರೂ ಮುಂಬಯಿಯ ಮಗು ಕನ್ನಡ ಅಕ್ಷರ ಕಲಿಯುತ್ತಿತ್ತು. ಈಗ ವೀಡಿಯೊ ಕರೆಯಲ್ಲಿ ಅಜ್ಜಿಯ ಮುಖವೇ ಕಾಣುವುದರಿಂದ ಆ ಅಗತ್ಯವು ತಪ್ಪಿತು. ಮಾತು ಉಳಿದು ಲಿಪಿ ಹೋಗುತ್ತಿದೆ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ರೂಢಿಯಾಗುತ್ತಿದೆ. ಬೃಹನ್ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳ ಮಾಧ್ಯಮದಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದ್ದರೂ ನಮ್ಮ ಹೆಚ್ಚಿನ ಮಕ್ಕಳು ಅಲ್ಲಿಗೆ ಹೋಗುತ್ತಿಲ್ಲ. ಆದಕಾರಣ ಮಕ್ಕಳಿಂದ ಅಜ್ಜ ಅಜ್ಜಿಯರಿಗೆ ವಾರಕ್ಕೊಂದು ಸಂದೇಶವನ್ನು ಕನ್ನಡ ಲಿಪಿಯಲ್ಲೇ ಬರೆಯಿಸೋಣ. ನಾಲ್ಕೇ ಸಾಲು ಸಾಕು. ಮೊಬೈಲಿನಲ್ಲಿ ಕನ್ನಡದ ಕೀಲಿಮಣೆಯನ್ನು ತೆರೆದುಕೊಡುವುದು ಐದು ನಿಮಿಷದ ಕೆಲಸ.

5. ದುಃಖದ ಸುದ್ದಿಗೆ ಕೈಮುಗಿದ ಚಿತ್ರವನ್ನು ಮಾತ್ರ ಕಳುಹಿಸಿ ನಿಲ್ಲಬಾರದು. ಅದೇ ಕಟ್ಟಡದವರಾದರೆ ಮೆಟ್ಟಿಲು ಹತ್ತಿ ಹೋಗಬೇಕು. ದೂರದ ಉಪನಗರದವರಾದರೆ ಕರೆ ಮಾಡಿ ಧ್ವನಿ ಕೇಳಿಸಬೇಕು. ಹಬ್ಬದ ಆಮಂತ್ರಣಕ್ಕೂ ಇದೇ ಮಾತು ಅನ್ವಯಿಸುತ್ತದೆ.

6. ಪ್ರವಚನವನ್ನು ಯೂಟ್ಯೂಬಿನಲ್ಲಿ ಕೇಳುವುದು ಒಳ್ಳೆಯದು. ಕಾಲಿಗೆ ಶಕ್ತಿಯಿಲ್ಲದವರಿಗೆ ಅದೇ ಗತಿ. ಕಾಲಿಗೆ ಶಕ್ತಿಯಿದ್ದವರು ತಿಂಗಳಿಗೊಮ್ಮೆಯಾದರೂ ಬಂದು ಕೂತು ಕೇಳಿ, ಪಕ್ಕದಲ್ಲಿ ಕುಳಿತವರ ಹೆಸರನ್ನು ವಿಚಾರಿಸಿಕೊಂಡು ಹೋಗಲಿ. ಕಷ್ಟಕಾಲಕ್ಕೆ ಬಾಗಿಲು ತಟ್ಟುವವರು ಅವರೇ.

ಗಲ್ಲಾಪೆಟ್ಟಿಗೆಯಲ್ಲಿ ಕುಳಿತು ಹುಡುಗನಿಗೆ ಮನಿಯಾರ್ಡರು ಬರೆದುಕೊಟ್ಟವರು ಅದನ್ನು ಸಮಾಜಸೇವೆಯೆಂದು ಕರೆಯಲಿಲ್ಲ. ಎದುರಿಗೆ ನಿಂತವನಿಗೆ ಬರೆಯಲು ಬಾರದು, ತಮಗೆ ಬರುತ್ತದೆ, ಅಷ್ಟೇ ಅವರಿಗೆ ಕಾರಣವಾಗಿತ್ತು. ಇಂದು ಮೊಬೈಲಿನ ಮುಂದೆ ಕೈನಡುಗುತ್ತ ಕುಳಿತ ಹಿರಿಯರ ಎದುರು ನಮ್ಮ ಯುವಕ ಯುವತಿಯರಿಗೂ ಅದೇ ಕಾರಣವು ಸಾಕಾಗಲಿ ಎಂದು ಆಶಿಸುತ್ತೇವೆ.

ಮನನಕ್ಕೆ ಪ್ರಶ್ನೆಗಳು

(ಮನೆಯಲ್ಲಿ ಹಿರಿಯರೂ ಕಿರಿಯರೂ ಒಟ್ಟಾಗಿ ಕುಳಿತು ಚರ್ಚಿಸತಕ್ಕದ್ದು)

1. ಕಳೆದ ಒಂದು ವಾರದಲ್ಲಿ ನೀವು ಇತರರಿಗೆ ದಾಟಿಸಿದ ಸಂದೇಶಗಳಲ್ಲಿ ಎಷ್ಟರ ಮೂಲವು ನಿಮಗೆ ತಿಳಿದಿತ್ತು?

2. ನಿಮ್ಮ ಮನೆಯಲ್ಲಿ ಅನುಸರಿಸುವ ಪಂಚಾಂಗ ಯಾವುದು? ಮೊಬೈಲಿನ ಪಂಚಾಂಗದೊಡನೆ ಈ ತಿಂಗಳ ಏಕಾದಶಿಯನ್ನು ಹೋಲಿಸಿ ನೋಡಿ. ಭೇದವಿದ್ದರೆ ಮಠದಲ್ಲಿ ಕಾರಣ ಕೇಳಿ.

3. ಅನುಪ್ರಮಾಣಗಳು ಎಷ್ಟು? ವೀಡಿಯೊ ಕರೆಯಲ್ಲಿ ಕಂಡ ಸಮವಸ್ತ್ರಧಾರಿಯ ವಿಷಯದಲ್ಲಿ ಪ್ರತ್ಯಕ್ಷವು ಏಕೆ ಸಾಲದು?

4. ನಿಮ್ಮ ಕಟ್ಟಡದಲ್ಲಿ ಒಬ್ಬರೇ ವಾಸಿಸುವ ಹಿರಿಯರು ಯಾರು ಯಾರು? ಅವರ ಬಾಗಿಲನ್ನು ಕೊನೆಯ ಸಲ ತಟ್ಟಿದುದು ಯಾವಾಗ?